ಭಾನುವಾರದೊಳಗೆ ಎರಡು ಹಲ್ಲು

ಬಿದ್ದು ಮುರಿದ ಹಲ್ಲಿಗೂ ಏಟಿಗೆ ಮುರಿದ ಹಲ್ಲಿಗೂ ವ್ಯತ್ಯಾಸವಿದೆ. ಬೀಳುವ ಮನುಷ್ಯ ತನಗೇ ತಿಳಿಯದಂತೆ ಕೈ ಮುಂದೆ ಚಾಚುತ್ತಾನೆ. ಅಂಗೈ ತರಚುತ್ತದೆ, ಮೊಣಕಾಲಿನ ಚರ್ಮ ಸುಲಿಯುತ್ತದೆ, ಗದ್ದದ ಕೆಳಗೆ ಸೀಳು ಬೀಳುತ್ತದೆ. ಮುಷ್ಟಿಯ ಏಟಿನಲ್ಲಿ ಇವು ಯಾವುವೂ ಇರುವುದಿಲ್ಲ. ತುಟಿಯ ಒಳಬದಿ ಹಲ್ಲಿನ ಅಂಚಿಗೆ ಸಿಕ್ಕಿ ಹರಿದಿರುತ್ತದೆ. ಹೊರಗಿನಿಂದ ನೋಡಿದರೆ ಬರೀ ಬಾವು. ಇದನ್ನು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನಾನು ಚೆನ್ನಾಗಿಯೇ ಉತ್ತರ ಬರೆದಿದ್ದೆ.

ಮಾಲತಿ ಹೊನ್ನಾವರದ ನನ್ನ ದವಾಖಾನೆಗೆ ಮೊದಲ ಸಲ ಬಂದದ್ದು ಎರಡು ಸಾವಿರದ ಒಂದರ ಸೆಪ್ಟೆಂಬರಿನಲ್ಲಿ. ಅವಳಿಗಿಂತ ಮುಂದೆ ಒಳಗೆ ಬಂದವನು ಅವಳ ಗಂಡ ಮಾಬ್ಲೇಶ್ವರ. ಅಪ್ಸರಕೊಂಡದ ಹತ್ತಿರ ಅವನ ಊರು. ಚಿರೆಕಲ್ಲು ಸಾಗಿಸುವ ಟೆಂಪೋ ಅವನದು. ಎತ್ತರದ ಆಳು, ಕಲ್ಲು ಹೊತ್ತು ಹೊತ್ತು ದಪ್ಪಗಾದ ಬೆರಳುಗಳು, ಸದಾ ನಗುವ ಬಾಯಿ.

"ಬಚ್ಚಲಲ್ಲಿ ಜಾರಿ ಬಿದ್ಲು ಡಾಕ್ಟ್ರೆ. ಕಣ್ಣು ಮಾಡಿನ ಮೇಲೆ ಇಟ್ಕಂಡು ನಡೀತದೆ ಇದು. ಒಂಚೂರು ಸಮಾ ಮಾಡಿ ಕೊಡಿ. ನೀವು ಭಟ್ರಾಗಿ ಹೋದ್ರಿ, ಇಲ್ದಿದ್ರೆ ಒಂದು ಬುಟ್ಟಿ ಬಂಗಡೆ ತಂದು ಹಾಕ್ತಿದ್ದೆ" ಎಂದ.

ಮೇಲಿನ ಎದುರು ಹಲ್ಲೊಂದರ ಮೂಲೆ ಹಾರಿತ್ತು. ತುಟಿಯ ಒಳಗೆ ಹರಿದ ಗಾಯ. ಅವಳ ಅಂಗೈ ನೋಡಿದೆ. ಅರಿಸಿನದ ಕಲೆ ಬಿಟ್ಟರೆ ಏನೂ ಇರಲಿಲ್ಲ. ಗದ್ದವೂ ಸ್ವಚ್ಛ. ನಾನು ಹಲ್ಲಿಗೆ ನೀಲಿ ಆಸಿಡ್ ಹಚ್ಚಿ ಹದಿನೈದು ಸೆಕೆಂಡು ಎಣಿಸಿದೆ, ತೊಳೆದೆ, ಅವಳ ಹಲ್ಲಿನ ಬಣ್ಣಕ್ಕೆ ಒಪ್ಪುವ ಸಿಮೆಂಟನ್ನು ಪದರ ಪದರವಾಗಿ ಕೂರಿಸಿ ಬೆಳಕಿನ ಯಂತ್ರ ಹಿಡಿದೆ. ಆ ಯಂತ್ರ ಆಗಷ್ಟೇ ಬಂದಿತ್ತು. ಮುಗಿದ ಮೇಲೆ ಯಾವುದು ಅವಳ ಹಲ್ಲು, ಯಾವುದು ನನ್ನದು ಎಂದು ನನಗೇ ಗೆರೆ ಸಿಗಲಿಲ್ಲ. ಕೇಸ್ ಕಾರ್ಡಿನಲ್ಲಿ ಕಾರಣ ಎಂಬಲ್ಲಿ 'ಬಿದ್ದದ್ದು' ಎಂದು ಬರೆದು, ಮುಂದಿನ ಸಲ ತನ್ನಿ ಎಂದು ಕಾರ್ಡನ್ನು ಅವರ ಕೈಗೇ ಕೊಟ್ಟೆ. ಎಲ್ಲ ರೋಗಿಗಳಿಗೂ ಹಾಗೆಯೇ ಕೊಡುತ್ತಿದ್ದೆ.

ಎರಡನೆಯ ಸಲ ಬಂದದ್ದು ಮರುವರ್ಷದ ಜುಲೈನಲ್ಲಿ. ಅದೇ ಹಲ್ಲು, ಈಗ ಅರ್ಧಕ್ಕೆ ಮುರಿದು ಒಳಗಿನ ನರ ಕೆಂಪಗೆ ಕಾಣುತ್ತಿತ್ತು. ಏಟು ಬಿದ್ದು ನಾಲ್ಕು ದಿನವಾಗಿತ್ತು. ನೋವು ನಿಲ್ಲಲೆಂದು ಅತ್ತೆ ಗೇರುಬೀಜದ ಸಿಪ್ಪೆ ಸುಟ್ಟು ಅದರ ಎಣ್ಣೆ ಹಚ್ಚಿದ್ದರು. ತುಟಿ, ವಸಡು ಸುಟ್ಟು ಬೆಳ್ಳಗೆ ಸಿಪ್ಪೆ ಏಳುತ್ತಿತ್ತು. "ಬಾವಿಕಟ್ಟೆಗೆ ತಾಗ್ತು" ಎಂದಳು ಮಾಲತಿ, ಗಂಡ ಕಲಿಸಿದ ಪಾಠ ಒಪ್ಪಿಸುವವಳಂತೆ.

ನನ್ನ ಸಹಾಯಕಿ ಹೊನ್ನಮ್ಮ ಐವತ್ತು ದಾಟಿದ ಹೆಂಗಸು. ಮೊದಲು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಅವಳು ಮಾಲತಿಯ ಕುತ್ತಿಗೆಗೆ ಬಟ್ಟೆ ಕಟ್ಟುವಾಗ ಸೆರಗು ಸ್ವಲ್ಪ ಸರಿಯಿತು. ಕಿವಿಯ ಕೆಳಗೆ ನಾಲ್ಕು ನೀಲಿ ಗುರುತು, ಸಾಲಾಗಿ. ಅವರು ಹೋದ ಮೇಲೆ ಹೊನ್ನಮ್ಮ ಉಪಕರಣ ತೊಳೆಯುತ್ತ ನನ್ನ ಕಡೆ ತಿರುಗದೆಯೇ ಕೇಳಿದಳು:

"ಡಾಕ್ಟ್ರೆ, ಬಾವಿಕಟ್ಟೆಗೆ ಬೆರಳು ಇರ್ತದಾ?"

"ನಮ್ಮ ಕೆಲಸ ಹಲ್ಲು ಹೊನ್ನಮ್ಮ."

"ಹೌದು ಹೌದು. ಕುತ್ತಿಗೆ ಬೇರೆ ಡಾಕ್ಟ್ರಿಗೆ" ಎಂದಳು.

ರೂಟ್ ಕೆನಾಲ್ ಮಾಡಿದೆ. ಮಂಗಳೂರಿನಿಂದ ಕ್ಯಾಪ್ ಮಾಡಿಸಿ ತರಿಸಿ ಕೂರಿಸಿದೆ. ಅದೂ ಚೆನ್ನಾಗಿಯೇ ಬಂತು. ಹಳೆಯ ಕಾರ್ಡು ಅವರು ತಂದಿರಲಿಲ್ಲ; ಹೊಸದೊಂದರಲ್ಲಿ ಎರಡನೆಯ ಸಲವೂ 'ಬಿದ್ದದ್ದು' ಎಂದು ಬರೆದು ಕೊಟ್ಟೆ. ಬರೆಯುವಾಗ ಕೈ ನಿಧಾನವಾದದ್ದು ನೆನಪಿದೆ. ನಿಲ್ಲಲಿಲ್ಲ ಎಂಬುದೂ ನೆನಪಿದೆ.

ಮೂರನೆಯದು ಎರಡು ಸಾವಿರದ ಮೂರರ ಫೆಬ್ರವರಿ, ಗುರುವಾರ, ಬೆಳಗಿನ ಹತ್ತು ಗಂಟೆ. ಮಾಬ್ಲೇಶ್ವರ ಅವಳ ರಟ್ಟೆ ಹಿಡಿದು ಒಳಗೆ ತಂದ. ಜೊತೆಯಲ್ಲಿ ಎಂಟು ವರ್ಷದ ಮಗಳು ಧನ್ಯಾ, ಶಾಲೆಯ ಅಂಗಿಯಲ್ಲೇ. ಮಾಲತಿ ಬಾಯಿಗೆ ಒತ್ತಿಕೊಂಡಿದ್ದ ಟವೆಲ್ಲು ತೆಗೆದಾಗ ಹೊನ್ನಮ್ಮ ಉಸಿರೆಳೆದುಕೊಂಡದ್ದು ಕೇಳಿಸಿತು. ಮೇಲ್ದುಟಿ ಎರಡು ಭಾಗವಾಗಿತ್ತು. ನಾನು ಕ್ಯಾಪು ಹಾಕಿದ ಹಲ್ಲು ವಸಡಿನ ಮಟ್ಟಕ್ಕೆ ಮುರಿದು ಬೇರು ಮಾತ್ರ ವಸಡಿನೊಳಗೆ ಉಳಿದಿತ್ತು. ಪಕ್ಕದ ಹಲ್ಲು ಇರಲೇ ಇಲ್ಲ. ಅದರ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದ ಒಂದು ಕುಳಿ. ಮುಷ್ಟಿಯಿಂದ ಇಷ್ಟಾಗುವುದಿಲ್ಲ. ಕಬ್ಬಿಣ ಬೇಕು.

"ಆ ಹಲ್ಲು ಎಲ್ಲಿ?" ಎಂದೆ. ಬುಡಸಮೇತ ಕಿತ್ತುಬಂದ ಹಲ್ಲನ್ನು ಹಾಲಿನಲ್ಲಿ ಹಾಕಿ ಬೇಗ ತಂದರೆ ಮತ್ತೆ ಅದೇ ಕುಳಿಯಲ್ಲಿ ಕೂರಿಸಬಹುದು. ಮೂರು ತಾಸಾಗಿದ್ದರೂ ಪ್ರಯತ್ನಿಸಬಹುದಿತ್ತು.

ಧನ್ಯಾ ಮುಂದೆ ಬಂದಳು.

"ನಾನು ಸಗಣಿಲಿ ಸುತ್ತಿ ಮಾಡಿನ ಮೇಲೆ ಒಗದೆ. ಒಂದೇ ಸಲಕ್ಕೆ ಮೇಲೆ ಹೋತು. ಅಮ್ಮಂಗೆ ಹೊಸದು ಬತ್ತದೆ ಅಲ್ದಾ ಡಾಕ್ಟ್ರೆ?"

ಬಿದ್ದ ಹಾಲುಹಲ್ಲನ್ನು ಸೂರಿನ ಮೇಲೆ ಎಸೆದರೆ ಹೊಸದು ಬರುತ್ತದೆ ಎಂದು ಅವಳ ಅಜ್ಜಿ ಕಲಿಸಿದ್ದರು. ಅವಳ ಬಾಯಲ್ಲೂ ಆಗ ಎರಡು ಹೊಸ ಹಲ್ಲು ಅರ್ಧ ಮೇಲೆ ಬಂದಿದ್ದವು. ಅವಳಿಗೆ ಪುರಾವೆ ಇತ್ತು. "ನೋಡುವಾ" ಎಂದೆ. ಎಡಗೈಯನ್ನು ಅವಳು ಎದೆಗೆ ಆನಿಸಿ ಹಿಡಿದಿದ್ದಳು. ಮಣಿಕಟ್ಟು ಊದಿತ್ತು.

ಮಾಬ್ಲೇಶ್ವರ ಸ್ಟೂಲು ಎಳೆದು ನನ್ನ ಮೊಣಕೈ ಪಕ್ಕದಲ್ಲೇ ಕುಳಿತ. ಈ ಸಲ ನಗು ಇರಲಿಲ್ಲ.

"ಡಾಕ್ಟ್ರೆ, ಆಯ್ತವಾರ ನಮ್ಮ ಕೂಟ ಅದೆ. ಇವಳ ಅಣ್ಣ, ಬೆಳಕೆಯವ, ಯಜಮಾನರ ಕಿವಿ ಊದಿದಾನೆ. ಆಯ್ತವಾರದ ಒಳಗೆ ಇವಳಿಗೆ ಎರಡೂ ಹಲ್ಲು ಬೇಕು. ಫಿಕ್ಸ್ ಇರ್ಬೇಕು, ಅಲ್ಲಾಡುಕಾಗ. ತುಟಿಗೂ ಒಂದೆರಡು ಹೊಲಿಗೆ ಹಾಕಿ. ಟೆಂಪೋ ಬಾಗಿಲು ಬಡೀತು ಅಂತ ಬರ್ಕಣಿ."

ಕೂಟ ಎಂದರೆ ಏನೆಂದು ನನಗೆ ಗೊತ್ತಿತ್ತು. ಅವರ ಸಮಾಜದಲ್ಲಿ ಗಂಡ ಹೆಂಡಿರ ವ್ಯಾಜ್ಯ ಪೊಲೀಸು, ಕೋರ್ಟು ಎಂದು ಹೋಗುವ ಮೊದಲು ಹಿರಿಯರಾದ ಯಜಮಾನರ ಅಂಗಳಕ್ಕೆ ಬರುತ್ತದೆ. ಹೆಣ್ಣು ತವರಿಗೆ ಹೋಗಬಹುದೇ, ಮಗುವನ್ನು ಕರೆದೊಯ್ಯಬಹುದೇ ಎಂಬುದು ಅಲ್ಲಿ ತೀರ್ಮಾನವಾದರೆ ಊರು ಒಪ್ಪುತ್ತದೆ. ಅಲ್ಲಿ ಆಗದ್ದನ್ನು ಯಾರೂ ಒಪ್ಪುವುದಿಲ್ಲ. ಬುಧವಾರ ಸಂಜೆ ಯಜಮಾನರಿಂದ ಕರೆ ಬಂದಿತ್ತು. ಗುರುವಾರ ಬೆಳಗ್ಗೆ ಇದು ನಡೆದಿತ್ತು. ಹೊಡೆದ ಮೇಲೆ ಅವನಿಗೆ ಭಾನುವಾರ ನೆನಪಾಗಿತ್ತು.

ಅಷ್ಟರಲ್ಲಿ ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರನ್ ಬಿಡದೆ ಒತ್ತತೊಡಗಿತು. ಅವನ ಟೆಂಪೋ ಅಡ್ಡ ನಿಂತಿತ್ತು. ಎರಡು ನಿಮಿಷ ಕೇಳಿದವನು ಬೈಯುತ್ತ ಇಳಿದು ಹೋದ.

ಮಾಲತಿ ನನ್ನ ಕೈ ಹಿಡಿದಳು. ಹರಿದ ತುಟಿಯಿಂದ ಮಾತು ಗಾಳಿಯ ಜೊತೆ ಬರುತ್ತಿತ್ತು.

"ಹಾಕ್ಬೇಡಿ ಡಾಕ್ಟ್ರೆ. ಎರಡು ಸಲ ಕೂಟ ಆಯ್ತು. ಎರಡು ಸಲವೂ ಯಜಮಾನರು ಕೇಳಿದ್ರು, ಹೊಡೆದ ಗುರುತು ಎಲ್ಲದೆ ತೋರ್ಸು ಅಂತ. ಎಂತ ತೋರ್ಸೂದು ನಾನು? ನೀವು ಅಷ್ಟು ಚೆಂದ ಮಾಡಿ ಕೊಟ್ಟಿದ್ರಿ."

ನಾನು ಬಾಗಿಲ ಕಡೆ ನೋಡಿದೆ.

"ನಿನ್ನೆ ಅವಳ ಕೈ ತಿರುಪಿದ್ರು. ಇಲ್ಲೀವರೆಗೆ ಅವಳನ್ನ ಮುಟ್ಟಿರ್ಲಿಲ್ಲ. ಅವಳನ್ನ ಬೆಳಕೆಗೆ, ನನ್ನ ತವರಿಗೆ ಸೇರ್ಸಬೇಕು. ನಂಗೆ ಹಲ್ಲೂ ಬೇಡ, ಎಂತದೂ ಬೇಡ."

"ಹಾಕದಿದ್ದರೆ ಅವನು ಕುಮಟೆಗೆ ಕರೆದೊಯ್ಯುತ್ತಾನೆ. ಅಲ್ಲಿ ಯಾರಾದರೂ ಹಾಕುತ್ತಾರೆ. ಇಲ್ಲವೇ ನಿನ್ನನ್ನು ಕೂಟಕ್ಕೇ ಬಿಡುವುದಿಲ್ಲ" ಎಂದೆ. ಅದು ನಿಜವಾಗಿತ್ತು, ಆದರೂ ಹೇಳಿದ ಮೇಲೆ ನನ್ನ ದನಿ ನನಗೇ ಹೇಡಿಯದಾಗಿ ಕೇಳಿಸಿತು.

ದಾರಿ ತೋರಿಸಿದವಳು ಹೊನ್ನಮ್ಮ. ಹತ್ತಿ ಸುತ್ತುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ತೆಗದು ಹಾಕೂದು ಮಾಡಿ ಕೊಡಿ. ನಮ್ಮ ಅತ್ತೆದು ಇತ್ತಲ. ಮದುವೆ ಮನೇಲಿ ಊಟಕ್ಕೆ ಕೂತ್ರೆ ಪಕ್ಕದವರ ಲೋಟಕ್ಕೆ ಹಾಕಿ ಇಡೂದು, ಪಾಯಸ ಮುಗದ ಮೇಲೆ ಹುಡುಕೂದು. ಇವಂಗೆ ಫಿಕ್ಸ್ ಅಂತ ಹೇಳಿದ್ರೆ ಆತು. ಇವ ಎಂತ ಬಲ್ಲ?"

ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿಸಿತು. ನಾನು ಅಳತೆ ತೆಗೆಯುವ ತಟ್ಟೆಯನ್ನು ಮಾಲತಿಯ ಬಾಯಿಗೆ ಇಟ್ಟೆ. ಅವಳು ಕಣ್ಣಿನಲ್ಲೇ ಆತು ಎಂದಳು.

ಶುಕ್ರವಾರ ಇಡೀ ದಿನ ಅದನ್ನೇ ಮಾಡಿದೆ. ಅಂಗುಳಿಗೆ ಅಂಟಿಕೊಳ್ಳುವ ತೆಳ್ಳನೆಯ ಗುಲಾಬಿ ಪ್ಲೇಟು, ಅದರ ಮುಂಭಾಗದಲ್ಲಿ ಎರಡು ಹಲ್ಲು, ಹಿಂದಿನ ದವಡೆ ಹಲ್ಲುಗಳನ್ನು ತಬ್ಬುವ ಎರಡು ತಂತಿ. ತಂತಿ ನಗುವಾಗ ಕಾಣಬಾರದು. ಹೊರಗಿನಿಂದ ಒತ್ತಿದರೆ ಪ್ಲೇಟು ಇನ್ನೂ ಬಿಗಿಯಾಗಬೇಕು. ಒಳಗಿನಿಂದ ಉಗುರು ಸಿಕ್ಕಿಸಿ ಕೆಳಕ್ಕೆ ಎಳೆದರೆ ಮಾತ್ರ ಕಳಚಬೇಕು. ಬಲ ಯಾವ ದಿಕ್ಕಿನಿಂದ ಬರುತ್ತದೆ ಎಂಬ ಒಂದೇ ಪ್ರಶ್ನೆ. ಮಾಮೂಲಾಗಿ ಪ್ಲೇಟನ್ನು ಬೇಯಿಸುವ ಕುಕ್ಕರಿನಲ್ಲೇ ಬೇಯಿಸಿದೆ. ಪಕ್ಕದ ಹಲ್ಲಿನ ಮೇಲಿದ್ದ ಎಲೆಯಡಿಕೆ ಕವಳದ ಕಲೆಯನ್ನೂ ಹೊಸ ಹಲ್ಲಿಗೆ ಬಣ್ಣದಿಂದ ಎಳೆದೆ. ನನ್ನ ಕೈಯಿಂದ ಅಷ್ಟು ನಿಖರವಾದ ಕೆಲಸ ಮೊದಲು ಆಗಿರಲಿಲ್ಲ.

ಶನಿವಾರ ಅದನ್ನು ಕೂರಿಸುತ್ತ, ಕಳಚುವ ಬಗೆಯನ್ನು ಪಿಸುದನಿಯಲ್ಲಿ ಮಾಲತಿಗೆ ಹೇಳಿಕೊಟ್ಟೆ. ಮುಗಿದಾಗ ಮಾಬ್ಲೇಶ್ವರ ಎದ್ದು ಬಂದ.

"ಫಿಕ್ಸಾ?"

"ಫಿಕ್ಸ್."

ಅವನು ಹೆಬ್ಬೆರಳನ್ನು ಅವಳ ಬಾಯೊಳಗೆ ತುರುಕಿದ. ಎರಡು ದಿನದ ಹಿಂದೆ ನಾನು ಹಾಕಿದ ಹೊಲಿಗೆಯೊಂದು ಬಿಚ್ಚಿ ತುಟಿಯಿಂದ ರಕ್ತ ಗದ್ದಕ್ಕೆ ಇಳಿಯಿತು. ಅವಳ ತಲೆ ಕುರ್ಚಿಯ ದಿಂಬಿಗೆ ಒತ್ತಿಹೋಯಿತು. ಹೆಬ್ಬೆರಳು ಹೊಸ ಹಲ್ಲುಗಳನ್ನು ಹೊರಗಿನಿಂದ ಒಳಕ್ಕೆ, ಮೇಲಕ್ಕೆ ತಳ್ಳಿತು, ಇನ್ನೊಮ್ಮೆ ತಳ್ಳಿತು. ಕೆಳಗಿದ್ದ ವಸಡು ಇನ್ನೂ ಹಸಿ ಗಾಯ. ಮಾಲತಿಯ ಕಾಲ ಬೆರಳುಗಳು ಮಡಚಿಕೊಂಡವು. ಪ್ಲೇಟು ಅಲ್ಲಾಡಲಿಲ್ಲ.

"ಗಟ್ಟಿ ಅದೆ" ಎಂದು ಬೆರಳನ್ನು ಅವಳ ಸೆರಗಿಗೇ ಒರೆಸಿಕೊಂಡ. "ನಾಳೆ ನೀವೂ ಬರ್ಬೇಕು ಡಾಕ್ಟ್ರೆ. ಯಜಮಾನರ ಅಂಗಳಕ್ಕೆ, ಹತ್ತು ಗಂಟೆಗೆ. ನಿಮ್ಮ ಎರಡು ಕಾರ್ಡ್ ನನ್ನ ಹತ್ರ ಜೋಪಾನ ಅದೆ. ನಿಮ್ಮ ಅಕ್ಷರ ನೀವೇ ಓದ್ಬೇಕು."

ಆವರೆಗೆ ಆ ಕಾರ್ಡುಗಳ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ.

ಯಜಮಾನರ ಹೆಸರು ಜಟ್ಟಿ. ಎಪ್ಪತ್ತರ ಆಸುಪಾಸಿನ ಮನುಷ್ಯ, ಬಿಳಿ ಪಂಚೆ, ಕವಳ ತುಂಬಿದ ಬಾಯಿ. ಅಂಗಳದ ಚಪ್ಪರದ ಕೆಳಗೆ ಚಾಪೆಯ ಮೇಲೆ ಹದಿನೈದು ಇಪ್ಪತ್ತು ಗಂಡಸರು. ಹೆಂಗಸರು ಜಗಲಿಯ ಕಂಬಗಳ ಹಿಂದೆ. ನನಗೆ ಮಾತ್ರ ಮರದ ಕುರ್ಚಿ ಹಾಕಿದರು. ಮಾಲತಿ ಅಂಗಳದ ನಡುವೆ ನಿಂತಿದ್ದಳು, ಧನ್ಯಾ ಜಗಲಿಯ ಮೇಲೆ. ಮಾಲತಿಯ ಅಣ್ಣ ಸಂತೋಷ ಬೆಳಕೆಯಿಂದ ಬಂದಿದ್ದ; ತೆಂಗಿನಗುಂಡಿಯ ದೋಣಿಗಳಲ್ಲಿ ಬಲೆ ಎಳೆಯುವವನು, ಮಾತು ಕಡಿಮೆ. ತಂಗಿಯ ಊದಿದ ತುಟಿ ನೋಡಿ ಒಮ್ಮೆ ಎದ್ದವನನ್ನು ಪಕ್ಕದವರು ಅಂಗಿ ಹಿಡಿದು ಕೂರಿಸಿದ್ದರು.

"ಟೆಂಪೋ ಬಾಗಿಲು ಬಡೀತು. ಇದಕ್ಕೆ ಮೊದಲು ಎರಡು ಸಲ ಬಿದ್ದಿತ್ತು. ಡಾಕ್ಟ್ರೇ ಬರದು ಕೊಟ್ಟದ್ದು ಅದೆ, ನೋಡಿ" ಎಂದು ಮಾಬ್ಲೇಶ್ವರ ಕಾರ್ಡುಗಳನ್ನು ಜಟ್ಟಿಯವರ ಮುಂದೆ ಇಟ್ಟ.

"ಇದು ನಿಮ್ಮ ಅಕ್ಷರವಾ ಡಾಕ್ಟ್ರೆ?"

"ನನ್ನದೇ. ಆದರೆ ಅವರು ಹೇಳಿದ್ದನ್ನು ಬರೆದದ್ದು. ಗಾಯ ನೋಡಿದರೆ ಬಿದ್ದು ಆದದ್ದಲ್ಲ. ಬಿದ್ದವರ ಅಂಗೈ..."

"ಆಗ ಬಿದ್ದದ್ದು ಅಂತ ಬರದ್ರಿ. ಈಗ ಅಲ್ಲ ಅಂತ್ರಿ. ಯಾವ್ದು ಹಿಡೀಬೇಕು ನಾವು?" ಎಂದರು ಜಟ್ಟಿ. ದನಿಯಲ್ಲಿ ಸಿಟ್ಟಿರಲಿಲ್ಲ. ಯಾರೋ ಹಿಂದಿನಿಂದ, "ಓದಿದವರಿಗೆ ಎರಡು ನಾಲಗೆ ಯಜಮಾನ್ರೆ" ಎಂದ. ಚಾಪೆಯ ತುಂಬ ನಗು.

"ಬಾ ತಂಗಿ ಇತ್ಲಾಗೆ. ಬಾಯಿ ತೆಗಿ ನೋಡುವಾ" ಎಂದು ಜಟ್ಟಿ ಮಾಲತಿಯನ್ನು ಕರೆದರು. ನೋಡಿ ತಲೆಯಾಡಿಸಿದರು. "ಹಲ್ಲು ಸಮಾ ಅದೆಯಲ. ತುಟಿ ಒಂದು ಒಡದದೆ. ಬಾಗಿಲು ಬಡದ್ರೂ ಒಡೀತದೆ."

ಮಾಲತಿ ಬಲಗೈಯ ಕಿರುಬೆರಳನ್ನು ಬಾಯೊಳಗೆ ಹಾಕಿ, ನಾನು ಹೇಳಿಕೊಟ್ಟಂತೆ ಉಗುರು ಸಿಕ್ಕಿಸಿ ಕೆಳಕ್ಕೆ ಎಳೆದಳು. ಪ್ಲೇಟು ಬಂತು. ಎಂಜಲು, ರಕ್ತ ಅಂಟಿದ್ದ ಅದನ್ನು ಜಟ್ಟಿಯವರ ಕವಳದ ತಟ್ಟೆಯಲ್ಲಿ, ಸುಣ್ಣದ ಡಬ್ಬಿಯ ಪಕ್ಕ ಇಟ್ಟಳು. ಆಮೇಲೆ ಮೇಲ್ದುಟಿಯನ್ನು ಎರಡು ಬೆರಳಿನಿಂದ ಎತ್ತಿ ಒಂದು ಸುತ್ತು ತಿರುಗಿದಳು, ಚಾಪೆಯ ಮೇಲಿದ್ದವರೆಲ್ಲ ನೋಡುವಂತೆ, ಜಗಲಿಯ ಹೆಂಗಸರು ನೋಡುವಂತೆ. ನಗು ನಿಂತಿತ್ತು.

ಗೆದ್ದೆವು ಎಂದುಕೊಂಡೆ. ಶುಕ್ರವಾರದಿಂದ ನಾನು ಕಾದದ್ದು ಈ ಮೌನಕ್ಕೆ.

ಜಟ್ಟಿ ಪ್ಲೇಟನ್ನು ಮುಟ್ಟದೆ ನೋಡಿದರು. ಕವಳ ಉಗುಳಿ ಬಂದು ಕುಳಿತರು.

"ಹಲ್ಲು ಹೋದದ್ದು ಹೌದು. ಹೋದದ್ದು ಯಾರಿಂದ ಅಂತ ಇದರ ಮೇಲೆ ಬರದಿಲ್ಲ. ಗಂಡ ಬಾಗಿಲು ಅಂತಾನೆ, ಹೆಂಡ್ತಿ ಗಂಡ ಅಂತದೆ. ಕಂಡವರು ಯಾರು? ಸಂಸಾರ ಅಂದ್ಮೇಲೆ..."

ಆ ಮಾತು ಎಲ್ಲಿಗೆ ಹೋಗುತ್ತದೆ ಎಂದು ಅಂಗಳದಲ್ಲಿ ಎಲ್ಲರಿಗೂ ತಿಳಿಯಿತು. ಮೂರನೆಯ ಸಲವೂ ಹೊಂದಿಕೊಂಡು ಹೋಗಿ ಎಂಬಲ್ಲಿಗೆ. ಮಾಬ್ಲೇಶ್ವರ ಆಗಲೇ ಕಾರ್ಡುಗಳನ್ನು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಮಾಲತಿ ಅವನ ಕಡೆ ತಿರುಗಿದಳು. ಇಬ್ಬರ ನಡುವೆ ನಾಲ್ಕು ಹೆಜ್ಜೆ ಇತ್ತು. ಅವಳು ಮೂರು ಹೆಜ್ಜೆ ನಡೆದಳು.

"ಟೈರು ಬಿಚ್ಚೂ ಪಾನಾ ಎಲ್ಲಿ? ಟೆಂಪೋದಲ್ಲೇ ಬಿಟ್ಟು ಬಂದ್ರಾ?" ಹಲ್ಲಿಲ್ಲದ ಬಾಯಿಂದ ಮಾತು ಸೀಟಿಯಂತೆ ಬಂತು, ಆದರೆ ಅಂಗಳದ ಕೊನೆಯವರೆಗೂ ಕೇಳಿಸಿತು. "ನಾಲ್ಕು ಜನರ ಎದುರಿಗೆ ಮುಖ ತಗ್ಗಿಸಿ ಕೂತದ್ದು ನೋಡಿ! ಒಳಗೆ ಅಗಳಿ ಹಾಕಿದ್ರೆ ಮಾತ್ರ ಇವರು ಗಂಡಸು. ಕಬ್ಬಿಣ ಇಲ್ದೆ ಕೈ ಏಳೂದಿಲ್ಲ. ಎಂಟು ವರ್ಷದ ಹುಡ್ಗಿ ಮೇಲಾದ್ರೆ ಬರೀ ಕೈ ಸಾಕು ಇವರಿಗೆ."

ಕಂಬದ ಹಿಂದೆ ಒಬ್ಬ ಹೆಂಗಸು ನಕ್ಕಳು. ಒಂದೇ ಒಂದು ಸಣ್ಣ ನಗು.

ಆಮೇಲೆ ನಡೆದದ್ದು ಐದಾರು ಸೆಕೆಂಡು ಇರಬಹುದು. ಮಾಬ್ಲೇಶ್ವರ ಕೈಗೆ ಸಿಕ್ಕ ಅಡಕೆ ಕತ್ತರಿಯನ್ನು ಜಟ್ಟಿಯವರ ತಟ್ಟೆಯಿಂದ ಎತ್ತಿದ. ಹಳೆಯ ಕಾಲದ ಹಿತ್ತಾಳೆಯ ಕತ್ತರಿ, ಅರ್ಧ ಸೇರು ತೂಕದ್ದು. ಮೊದಲ ಏಟು ಅವಳ ಎಡಗೆನ್ನೆಯ ಕೆಳಗೆ ಬಿತ್ತು. ಒಣ ಕಟ್ಟಿಗೆ ಮುರಿದ ಹಾಗೆ ಶಬ್ದ. ದವಡೆ ಮುರಿಯುವ ಶಬ್ದ ನಾನು ಕೇಳಿದ್ದು ಅದೊಂದೇ ಸಲ. ಅವಳು ಮಂಡಿಯೂರಿದಳು. ಅವನು ಅವಳ ಜಡೆ ಹಿಡಿದು ತಲೆ ಎತ್ತಿ ಮತ್ತೆ ಹೊಡೆದ, ಬಾಯಿಯ ಮೇಲೆ. ರಕ್ತ ಜಟ್ಟಿಯವರ ಪಂಚೆಯ ಮೇಲೆ, ಎದೆಯ ಮೇಲೆ ಹಾರಿತು. ನಾನು ಅವನ ಮಣಿಕಟ್ಟು ಹಿಡಿದೆ. ಮೊಣಕೈಯಿಂದ ನನ್ನ ಮುಖಕ್ಕೆ ತಿವಿದ. ಕನ್ನಡಕ ಒಡೆದು ಹುಬ್ಬು ಸೀಳಿತು. ಒಂದು ಕಣ್ಣಿನಲ್ಲಿ ಕೆಂಪು ಬಿಟ್ಟರೆ ಏನೂ ಕಾಣಲಿಲ್ಲ. ಆದರೂ ಕೈ ಬಿಡಲಿಲ್ಲ, ಬಿಡಬಾರದೆಂದು ತಿಳಿಯುವಷ್ಟು ಬುದ್ಧಿ ಅಷ್ಟರಲ್ಲಿ ಬಂದಿತ್ತು.

ಸಂತೋಷ ಚಾಪೆಯ ಮೇಲಿದ್ದವರನ್ನು ತುಳಿದುಕೊಂಡೇ ಬಂದ. ಮಾಬ್ಲೇಶ್ವರನ ಕುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿ ಹಿಂದಕ್ಕೆ ಎಳೆದು ಚಪ್ಪರದ ಕಂಬಕ್ಕೆ ಅಪ್ಪಳಿಸಿದ. ಒಮ್ಮೆ, ಎರಡು ಸಲ, ಮೂರು ಸಲ. ಕಂಬ ಅಲ್ಲಾಡಿ ಮೇಲಿನ ಸೋಗೆ ಉದುರಿತು. ಕೆಳಗೆ ಬಿದ್ದವನ ಮೇಲೆ ಇನ್ನೂ ನಾಲ್ಕು ಜನ ಬಿದ್ದರು, ಸ್ವಲ್ಪ ಹೊತ್ತಿನ ಹಿಂದೆ ನಕ್ಕವರೇ. ಒದೆಯುವವರು ಒದೆಯುತ್ತಲೇ ಇದ್ದರು. "ಸಾಯ್ತಾನೆ, ಬಿಡ್ರಾ!" ಎಂದು ಜಟ್ಟಿ ಕೂಗುವವರೆಗೂ ನಿಲ್ಲಿಸಲಿಲ್ಲ. ಬಾವಿಯ ಹಗ್ಗ ತಂದು ಅವನನ್ನು ಅದೇ ಕಂಬಕ್ಕೆ ಕಟ್ಟಿದರು. ಅವನ ಬಾಯಿಂದಲೂ ರಕ್ತ ಬರುತ್ತಿತ್ತು. ಅಭ್ಯಾಸಬಲದಿಂದ ನಾನು ದೂರದಿಂದಲೇ ನೋಡಿದೆ: ಕೆಳಗಿನ ಎದುರು ಹಲ್ಲು, ಒಂದು. ಹತ್ತಿರ ಹೋಗಲಿಲ್ಲ.

ಮಾಲತಿಯನ್ನು ಮಲಗಿಸಲು ಹೊರಟಿದ್ದರು. "ಮಲಗಿಸಬೇಡಿ, ಕೂರಿಸಿ, ಮುಂದಕ್ಕೆ ಬಗ್ಗಿಸಿ" ಎಂದು ಕೂಗಿದೆ. ಮಲಗಿಸಿದರೆ ರಕ್ತ ಶ್ವಾಸಕ್ಕೆ ಇಳಿಯುತ್ತದೆ. ಗದ್ದ ಒಂದು ಬದಿಗೆ ಜಾರಿತ್ತು. ಕೆಳಗಿನ ಹಲ್ಲಿನ ಸಾಲು ನಡುವೆ ಮೆಟ್ಟಿಲಿನಂತೆ ತಪ್ಪಿತ್ತು. ಜಟ್ಟಿ ಹೆಗಲ ಮೇಲಿನ ಶಲ್ಯ ತೆಗೆದು ಕೊಟ್ಟರು. ಅದನ್ನು ಹರಿದು ಗದ್ದದ ಕೆಳಗಿನಿಂದ ನೆತ್ತಿಗೆ, ಹಣೆಗೆ ಸುತ್ತಿ ಕಟ್ಟಿದೆ. ನನ್ನ ಹುಬ್ಬಿನ ರಕ್ತವೂ ಅದರ ಮೇಲೆ ಬೀಳುತ್ತಿತ್ತು. ಅವಳ ಕಣ್ಣು ತೆರೆದೇ ಇತ್ತು. ಅವಳು ನನ್ನನ್ನಾಗಲಿ, ಕಂಬಕ್ಕೆ ಕಟ್ಟಿದವನನ್ನಾಗಲಿ ನೋಡುತ್ತಿರಲಿಲ್ಲ. ಜಟ್ಟಿಯವರನ್ನು ನೋಡುತ್ತಿದ್ದಳು. ಆಗ ನನಗೆ ಆ ಮೂರು ಹೆಜ್ಜೆಯ ಅರ್ಥವಾಯಿತು. ನಾನು ಎರಡು ದಿನ ಕೂತು ಲೆಕ್ಕ ಹಾಕಿದ್ದು ಪ್ಲೇಟಿನ ಮೇಲೆ ಬೀಳುವ ಬಲವನ್ನು. ಅವಳು ಲೆಕ್ಕ ಹಾಕಿದ್ದು ಗಂಡನನ್ನು, ಹತ್ತು ವರ್ಷ ಕೂತು.

ಜಟ್ಟಿ ತಮ್ಮ ಪಂಚೆಯ ಮೇಲಿನ ಕಲೆ ನೋಡಿಕೊಂಡರು. ಕೈಯಿಂದ ಉಜ್ಜಿದರು, ಅದು ಇನ್ನಷ್ಟು ಹರಡಿತು.

"ತಾಯಿ, ಮಗು ಇಬ್ರೂ ಬೆಳಕೆಗೆ ಹೋಗ್ಲಿ. ಈಗಲೇ. ಇವ ಅಲ್ಲಿಗೆ ಹೋಗುಕಿಲ್ಲ, ಕರೆಯುಕಿಲ್ಲ. ಇದು ಕೂಟದ ಮಾತು." ಆಮೇಲೆ ಯಾರ ಮುಖವನ್ನೂ ನೋಡದೆ, "ಪೊಲೀಸ್ರಿಗೆ ಹೇಳಿ ಕಳ್ಸಿ. ಕಂಡವರು ಯಾರು ಅಂತ ಕೇಳಿದ್ರೆ ನಾನು ಅಂತ ಹೇಳಿ" ಎಂದರು.

ಯಜಮಾನರ ಮನೆಯ ಜೀಪಿನಲ್ಲೇ ಮಣಿಪಾಲಕ್ಕೆ ಹೊರಟೆವು. ಮುಂದೆ ಡ್ರೈವರಿನ ಪಕ್ಕ ಸಂತೋಷ, ಹಿಂದೆ ಮಾಲತಿ, ನಾನು, ನಡುವೆ ಧನ್ಯಾ. ಮಾಲತಿಯ ತಲೆಯನ್ನು ಮುಂದಕ್ಕೆ ಬಗ್ಗಿಸಿ ಹಿಡಿದೇ ಕುಳಿತಿದ್ದೆ. ಮಡಿಲಿನ ಮೇಲಿನ ಪಾತ್ರೆಗೆ ರಕ್ತ ಎಂಜಲಿನ ಜೊತೆ ದಾರದಂತೆ ಇಳಿಯುತ್ತಿತ್ತು. ಅದರಲ್ಲಿ ಎರಡು ಹಲ್ಲು ಬಿದ್ದಿದ್ದವು, ಆಮೇಲೆ ಮೂರಾದವು. ಧನ್ಯಾ ಅವನ್ನು ನೋಡಿದಳು, ಕೇಳಲಿಲ್ಲ. ಮುರ್ಡೇಶ್ವರದ ಕ್ರಾಸು ದಾಟಿತು, ಭಟ್ಕಳ ದಾಟಿತು. ಮಾಲತಿಗೆ ನೋವು ನಿಲ್ಲುವ ಇಂಜೆಕ್ಷನ್ನು ಭಟ್ಕಳದಲ್ಲಿ ಕೊಡಿಸೋಣವೆಂದಾಗ ಅವಳು ಕೈಯಾಡಿಸಿ ಬೇಡವೆಂದಳು. ಬೆರಳಿನಿಂದ ಮುಂದಕ್ಕೆ ತೋರಿಸಿದಳು.

ಬೆಳಕೆಯಲ್ಲಿ ಹೆದ್ದಾರಿಯ ಬದಿಗೆ ಜೀಪು ನಿಂತಿತು. ಮನೆಗೆ ಅಲ್ಲಿಂದ ಗದ್ದೆಯ ಬದುವಿನ ಮೇಲೆ ಐದು ನಿಮಿಷದ ದಾರಿ. ಸಂತೋಷ ಇಳಿದು ಹಿಂದಿನ ಬಾಗಿಲು ತೆಗೆದ.

"ಅಮ್ಮ ಬರೂದಿಲ್ವಾ?" ಎಂದಳು ಧನ್ಯಾ.

"ಬತ್ತದೆ. ದೊಡ್ಡಾಸ್ಪತ್ರೆಗೆ ಹೋಗಿ ಬತ್ತದೆ. ನೀ ಇಳಿ ಪುಟ್ಟಿ."

"ಎಷ್ಟು ದಿನ ಡಾಕ್ಟ್ರೆ?"

ದವಡೆಗೆ ತಂತಿ ಬಿಗಿದರೆ ಆರು ವಾರ. ಆಮೇಲೆ ಹಲ್ಲು, ಅದಕ್ಕೆ ಇನ್ನೂ ಎಷ್ಟೋ ದಿನ. "ಮಳೆಗಾಲಕ್ಕೆ ಮೊದಲು ಎಲ್ಲಾ ಮುಗೀತದೆ" ಎಂದೆ.

"ಅಪ್ಪ ಇಲ್ಲಿಗೆ ಬತ್ರಾ?"

ಸಂತೋಷ ನನ್ನ ಮುಖ ನೋಡಿದ. ಉತ್ತರ ಕೊಟ್ಟವಳು ಮಾಲತಿ. ಕಟ್ಟಿದ ಬಟ್ಟೆಯೊಳಗಿನಿಂದ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದಳು. ಹಾಗೆ ತಿರುಗಿಸುವುದು ಎಷ್ಟು ನೋವಿನದೆಂದು ನನಗೆ ಗೊತ್ತಿತ್ತು. ಆಮೇಲೆ ಮಗಳ ಬೆನ್ನಿಗೆ ಅಂಗೈ ಇಟ್ಟು ಹೊರಕ್ಕೆ ತಳ್ಳಿದಳು.

ಸಂತೋಷ ಅವಳನ್ನು ಬದುವಿನವರೆಗೆ ಬಿಟ್ಟು ಬಂದ. ಆಚೆಯಿಂದ ಒಬ್ಬ ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬರುತ್ತಿದ್ದಳು. ಧನ್ಯಾ ಊದಿದ ಕೈಯನ್ನು ಎದೆಗೆ ಹಿಡಿದುಕೊಂಡು ನಡೆದಳು, ಅಜ್ಜಿಯನ್ನು ಕಂಡ ಮೇಲೆ ಓಡಿದಳು. ಇಬ್ಬರೂ ಮನೆಯ ಬೇಲಿ ದಾಟಿ ಒಳಗೆ ಹೋಗುವವರೆಗೂ ಮಾಲತಿ ನೋಡಿದಳು. ನಾನು ಪಾತ್ರೆ ಬದಲಿಸಲು ಹೋದಾಗ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು, ನೋಟಕ್ಕೆ ಅಡ್ಡವಾಗಿತ್ತು.

ಬೇಲಿಯ ಗೇಟು ಮುಚ್ಚಿತು. ಮಾಲತಿ ಜೀಪಿನ ತಗಡನ್ನು ಎರಡು ಸಲ ತಟ್ಟಿದಳು. ಡ್ರೈವರ್ ಗೇರು ಹಾಕಿದ.